ನಡುಕ ನಿಂತ ಮೇಲಿನ ಪಂಚಾಯಿತಿ

ಹಳೆಯ ಕಾರೊಂದರ ಎಂಜಿನ್‌ಗೆ ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆದೊಡನೆ ಮೈಯೆಲ್ಲ ನಡುಕ ಹತ್ತುತ್ತಿತ್ತು. ಇನ್ನು ಇದನ್ನು ಗುಜರಿಗೆ ಹಾಕುವುದೇ ಸರಿ ಎಂದು ಒಡೆಯ ಗೊಣಗಿದ್ದು ಕೇಳಿ ಅದಕ್ಕೆ ದಿಕ್ಕೇ ತೋಚದಾಯಿತು. ನಾಲ್ಕು ಜನರ ಮುಂದೆ ನಡುಗುತ್ತಾ ಮಾತಾಡುವುದು ಮರ್ಯಾದೆಯಲ್ಲವೆಂದು, ಮೈ ಬಿಸಿಯಾಗಿ ನಡುಕ ನಿಂತ ಮೇಲೆ ಅದು ಪಂಚಾಯಿತಿ ಸೇರಿಸಿತು.

"ನನ್ನ ಕಿಡಿಯಲ್ಲಿ ಕೊರತೆಯಿದೆಯೇ, ನೋಡಿ," ಎಂದಿತು ಸ್ಪಾರ್ಕ್ ಪ್ಲಗ್. ಕೊರತೆಯಿರಲಿಲ್ಲ.

"ನಾನು ಪೆಟ್ರೋಲು ಹೆಚ್ಚುಕಡಿಮೆ ಬಡಿಸುತ್ತಿದ್ದೇನೆಯೇ?" ಎಂದಿತು ಕಾರ್ಬುರೇಟರ್. ಇಲ್ಲ.

"ನನ್ನಲ್ಲಿ ಗಾಳಿ ಸೋರುತ್ತಿದೆಯೇ?" ಎಂದು ರಬ್ಬರ್ ಪೈಪು ಮೈಯೊಡ್ಡಿತು. ಅದೂ ಇಲ್ಲ.

"ಎಲ್ಲರೂ ಸರಿಯಿದ್ದರೆ ನನ್ನನ್ನು ನಡುಗಿಸುವವರು ಯಾರಪ್ಪಾ?" ಎಂದು ಎಂಜಿನ್ ತಲೆ ಕೆಡಿಸಿಕೊಂಡಿತು.

ಮುದಿ ಬ್ಯಾಟರಿಗೆ ರೇಗಿತು. "ಜ್ವರ ಬಿಟ್ಟ ಮೇಲೆ ನಾಡಿ ಹಿಡಿದರೆ ಏನು ಸಿಗುತ್ತದೆ? ನಡುಗುವಾಗಲೇ ಕೇಳು!"

ಮರುದಿನ ಎಂಜಿನ್ ನಾಚಿಕೆ ಬಿಟ್ಟು, ಗಡಗಡ ನಡುಗುತ್ತಲೇ ಎಲ್ಲರನ್ನೂ ವಿಚಾರಿಸಿತು. ಪೈಪಿನಿಂದ ಹುಸ್ಸೆಂದು ಸದ್ದು ಬಂತು.

"ಎಂಜಿನಣ್ಣಾ, ಇದು ನನ್ನದೇ," ಎಂದಿತು ಪೈಪು. "ಚಳಿಗೆ ಸೆಟೆದುಕೊಂಡಾಗ ನನ್ನ ಬಿರುಕು ಬಾಯಿ ಬಿಡುತ್ತದೆ. ನಿನ್ನ ಬಿಸಿ ತಾಗಿದರೆ ಮುಚ್ಚಿಕೊಳ್ಳುತ್ತದೆ."

"ಹಾಗಾದರೆ ನಿನ್ನೆ ಸುಳ್ಳು ಹೇಳಿದೆಯಾ?"

"ಇಲ್ಲಣ್ಣ. ನೀನು ಕೇಳಿದ ಹೊತ್ತಿಗೆ ಅದು ನಿಜವೇ ಆಗಿತ್ತು."

ಅಷ್ಟರಲ್ಲಿ ಒಡೆಯ ಬಾನೆಟ್ ಎತ್ತಿ ಕಿವಿಗೊಟ್ಟ. ಬಿಸಿಯೇರಿ ಆ ಸದ್ದು ಅಡಗುವ ಮುನ್ನ ಅವನಿಗೆ ಕೇಳಿಬಿಡಲೆಂದು, ಎಂಜಿನ್ ಅಂದು ಮೊದಲ ಸಲ ಮನಸಾರೆ ನಡುಗಿತು.