ಸುಣ್ಣದ ಗುರುತು ಕಾದ ಮೀನು

“ಕೇಳಿರಪ್ಪೋ ಕೇಳಿ! ಅರಮನೆ ಕೊಳದ ಕರಿಮೀನಿನ ಪುಂಡಾಟ ನಿಲ್ಲಿಸಬಲ್ಲವರು ಬರಬಹುದು. ಮೊದಲು ರಾಜಕುಮಾರಿ ಚೆನ್ನಾಂಬೆಯವರ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಅಮಾವಾಸ್ಯೆಗೆ ಹೋಗುತ್ತದೆ.”

ಡಂಗುರದವನು ಆ ತಿಂಗಳಲ್ಲಿ ಇದನ್ನು ಸಾರುತ್ತಿದ್ದುದು ಮೂರನೆಯ ಸಲ. ಗಂಟಲು ಕಟ್ಟಿತ್ತು. ಹೇಳುವ ನನಗೇ ಆಯಾಸವಾಗುತ್ತದೆ, ಇನ್ನು ಅವನ ಪಾಡೇನು.

ಕೊಳನೂರಿನ ಅರಸರ ಪದ್ಧತಿ ಹೀಗಿತ್ತು. ನಾಡಿನ ಒಂಬತ್ತು ಊರುಗಳಿಂದ ಒಂದೊಂದು ಜಾತಿಯ ಮೀನು, ಒಂದೊಂದು ಕಲ್ಲು ಅರಮನೆಯ ಕೊಳಕ್ಕೆ ಬರಬೇಕು. ಎಲ್ಲ ಊರೂ ಒಂದೇ ನೀರಿನಲ್ಲಿ ಬಾಳಲಿ ಎಂದು ಹಿರಿಯರ ಆಸೆ. ಆಸೆಯೇನೋ ಒಳ್ಳೆಯದೇ. ಆದರೆ ಯಾವ ಊರಿನ ಮೀನು ತೀರಿತೋ ಆ ಊರಿನ ಕಾಲುವೆಯ ತೂಬು ವರ್ಷವಿಡೀ ಮುಚ್ಚಿರಬೇಕು ಎಂದೂ ಅವರೇ ಬರೆಸಿಟ್ಟು ಹೋಗಿದ್ದರು. ಈಗ ರಾಣಿಯ ತವರಿನ ಕರಿಮೀನು ಮೊಳದುದ್ದ ಬೆಳೆದು ಉಳಿದವನ್ನೆಲ್ಲ ಕಚ್ಚಿ ಕಚ್ಚಿ ಕೊಲ್ಲುತ್ತಿತ್ತು. ಕೊಂದರೆ ರಾಣಿ ಊಟ ಬಿಡುತ್ತಾಳೆ. ಸುಮ್ಮನಿದ್ದರೆ ಊರುಗಳು ಒಣಗುತ್ತವೆ. ಎರಡು ತೂಬು ಆಗಲೇ ಮುಚ್ಚಿದ್ದವು. ಸಿಕ್ಕಸಿಕ್ಕವರ ಮದ್ದು ಕೇಳಿ ಕೊಳ ಕೆಟ್ಟಿದ್ದರಿಂದ, ಬಾಯಿಬಡುಕರು ದೂರವಿರಲಿ ಎಂದು ಅರಸ ಬೊಮ್ಮರಸ ತಲೆಯ ಷರತ್ತು ಹಾಕಿದ್ದ. ಅವನಿಗೂ ಸಾಕುಸಾಕಾಗಿತ್ತು.

ಮೊದಲ ಡಂಗುರಕ್ಕೆ ನೆರೆನಾಡಿನ ರಾಜಕುಮಾರ ಬಂದಿದ್ದ. ಚೆನ್ನಾಂಬೆ ಕೊಳದ ಕಟ್ಟೆಯ ಮೇಲೆ ಕೂತು ನೀರನ್ನೇ ನೋಡುತ್ತ ಕೇಳಿದಳು: “ಹೊಟ್ಟೆ ತುಂಬಿದೆ, ಮರಿಗಳಿಲ್ಲ, ಯಾರ ಮೇಲೂ ಹಗೆಯಿಲ್ಲ. ಆದರೂ ಹತ್ತಿರ ಬಂದವರನ್ನು ಕಚ್ಚುತ್ತಾನೆ. ಅವನು ಕಾಯುತ್ತಿರುವುದು ಏನನ್ನು?”

“ತನ್ನ ಹೆಣ್ಣನ್ನು,” ಎಂದ ರಾಜಕುಮಾರ ಮೀಸೆ ತಿರುವಿ. ಅವನನ್ನು ಸೆರೆಗೆ ಒಯ್ದರು.

ಆಮೇಲೆ ಒಬ್ಬ ಪಂಡಿತ ಬಂದ. ಮೊದಲನೆಯದನ್ನು ಹೇಗೋ ದಾಟಿದ. ಎರಡನೆಯದು ಹೀಗಿತ್ತು: “ಒಬ್ಬ ಒಬ್ಬನನ್ನೇ ಅಟ್ಟಿದರೆ ಅಟ್ಟಿಸಿಕೊಂಡವನು ಸಾಯುತ್ತಾನೆ. ಅದೇ ಒಬ್ಬ ಇಪ್ಪತ್ತು ಮಂದಿಯನ್ನು ಅಟ್ಟಿದರೆ ಯಾರೂ ಸಾಯುವುದಿಲ್ಲ. ಯಾಕೆ?”

“ಇಪ್ಪತ್ತು ಮಂದಿ ಒಟ್ಟಾಗಿ ತಿರುಗಿ ಬೀಳುತ್ತಾರೆ,” ಎಂದ ಪಂಡಿತ. ಅವನೂ ಸೆರೆ ಸೇರಿದ. ತಲೆ ಕಡಿಯುವ ನಂಜ ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತ, “ಇನ್ನೆಷ್ಟು ಮಂದಿ ಇದಾರೋ, ಶಿವನೇ,” ಎಂದು ನಿಟ್ಟುಸಿರು ಬಿಟ್ಟ.

ಮೂರನೆಯ ಡಂಗುರ ಕೇಳಿದಾಗ ಮಾಯಿಗ ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದ. ಅಪ್ಪ ಸತ್ತ ಮೇಲೆ ಕೊಳದ ಪಾಚಿ ಉಜ್ಜುವ ಕೆಲಸ ಅವನದು. ಅವನ ಊರು ಹುಣಸೆಕೊಪ್ಪದ ಕೆಂಪು ಮೀನು ಒಂದೇ ಉಳಿದಿತ್ತು. ಅದೂ ಬಾಲ ಹರಿದು ಮೆಟ್ಟಿಲ ಸಂದಿಯಲ್ಲಿ ಅವಿತಿತ್ತು. ಇನ್ನೆರಡು ದಿನ ಬದುಕಿದರೆ ಹೆಚ್ಚು. ಆಮೇಲೆ ಹುಣಸೆಕೊಪ್ಪಕ್ಕೆ ನೀರಿಲ್ಲ. ಮಾಯಿಗ ಪಂಚೆ ಹಿಂಡಿಕೊಂಡು ಮೇಲೆ ಬಂದ.

“ಅಮ್ಮಾವ್ರೇ, ನಾನು ಹೇಳ್ತೀನಿ. ಅವನು ಕಾಯ್ತಿರೋದು ಜಾಗಾನ. ಅಗೋ, ಆ ನಡುಗಲ್ಲಿನ ಸುತ್ತ ಮೂರು ಮಾರು ನಂದು ಅಂದ್ಕೊಂಡವನೆ.”

“ಸರಿ. ಎರಡನೆಯದು?”

“ಅಟ್ಟೋನಿಗೇ ಸುಸ್ತಾಯ್ತದೆ, ತಾಯಿ. ಒಬ್ಬನೇ ಸಿಕ್ಕಿದ್ರೆ ಏಟೆಲ್ಲ ಅವನಿಗೇ. ಇಪ್ಪತ್ತು ಮಂದಿ ಇದ್ರೆ ಹಂಚಿ ಹೋಯ್ತದೆ.”

ಚೆನ್ನಾಂಬೆ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದಳು. “ಮೂರನೆಯದಕ್ಕೆ ಉತ್ತರ ನನಗೂ ಗೊತ್ತಿಲ್ಲ, ಮಾಯಿಗ. ಹೋದ ಕಾರ್ತಿಕದಲ್ಲಿ ಕಣ್ಣಾರೆ ಕಂಡದ್ದು. ಒಬ್ಬ ತನ್ನ ಮನೆ ಬಿಟ್ಟು ಕದಲಲಿಲ್ಲ. ಆದರೂ ಮೂರು ದಿನ ಆ ಮನೆಗೇ ಹೊಸಬನಾಗಿದ್ದ, ಯಾರನ್ನೂ ಕಚ್ಚಲಿಲ್ಲ. ನಾಲ್ಕನೆಯ ದಿನ ಮತ್ತೆ ಹಳಬನಾದ. ಹೇಗೆ?”

ಮಾಯಿಗನಿಗೆ ಉತ್ತರ ಗೊತ್ತಿತ್ತು. ವರ್ಷಕ್ಕೊಮ್ಮೆ ಕೊಳ ತೊಳೆಯುವಾಗ ಪ್ರತಿ ಕಲ್ಲಿನ ಸುತ್ತ ಸುಣ್ಣದ ಗುರುತು ಹಾಕಿ, ತೊಳೆದು, ಅದೇ ಗುರುತಿನ ಮೇಲೆ ಇಡಬೇಕು. ಅವನ ಅಪ್ಪನ ಕಾಲದವರೆಗೆ ಏಳು ತಲೆಮಾರು ಒಂದು ಕಲ್ಲೂ ಜರುಗಿರಲಿಲ್ಲ. ಊರಿನ ಕಲ್ಲು ಜರುಗಿಸಿದವನಿಗೂ ತಲೆದಂಡವೇ. ಬಾಯಿ ಮುಚ್ಚಿದರೆ ಒಗಟಿಗೆ ತಲೆ, ತೆರೆದರೆ ಕಲ್ಲಿಗೆ ತಲೆ. ಅವನು ಮೆಟ್ಟಿಲ ಸಂದಿಯ ಕೆಂಪು ಮೀನಿನ ಕಡೆ ನೋಡಿದ.

“ತಪ್ಪು ನಂದೇ, ಬುದ್ಧಿ,” ಎಂದ, ಕಟ್ಟೆಯ ಆ ಬದಿಯಲ್ಲಿ ಕೂತಿದ್ದ ಅರಸನಿಗೆ. “ಹೋದ ಕಾರ್ತಿಕದಲ್ಲಿ ಕೊಳ ತೊಳೆಯೋವಾಗ ಕೈ ಜಾರಿ ನಡುಗಲ್ಲು ಪಕ್ಕಕ್ಕೆ ಹೊರಳ್ತು. ಹಂಗೇ ಬಿಟ್ಟೆ. ಕರಿಮೀನು ತನ್ನ ಜಾಗ ಯಾವ್ದು ಅಂತ ತಿಳೀದೆ ಮೂರು ದಿನ ಹೊಸಬರಂಗೆ ತೆಪ್ಪಗಿತ್ತು. ಯಾರಾದ್ರೂ ಕಂಡಾರು ಅಂತ ಹೆದರಿ ಕಲ್ಲನ್ನ ಗುರುತಿಗೇ ಇಟ್ಟೆ. ಮಾರನೇ ದಿನವೇ ಕಚ್ಚೋಕೆ ಶುರು ಮಾಡ್ತು. ಮೀನು ಕೆಟ್ಟದ್ದಲ್ಲ, ಬುದ್ಧಿ. ವರ್ಷವರ್ಷವೂ ಅದರ ಸಿಂಹಾಸನ ತೊಳೆದು ಅಲ್ಲೇ ಇಡ್ತಿದ್ದೋರು ನಾವು.”

ನಂಜ ಕತ್ತಿಯ ಕಡೆ ಕೈಚಾಚಿದ. ಬೊಮ್ಮರಸ ಹಣೆ ಒತ್ತಿಕೊಂಡು, “ಇರಲಿ ಬಿಡು ನಂಜಾ, ಸಾಕಾಯಿತು,” ಎಂದ. ಸೆರೆಯಲ್ಲಿದ್ದ ಇಬ್ಬರನ್ನೂ ಬಿಡಿಸಿದ. “ಮಾಯಿಗ, ಏನು ಮಾಡಬೇಕೋ ಮಾಡು.”

ಮಾಯಿಗ ಕರಿಮೀನನ್ನು ಏಳು ದಿನ ತಾಮ್ರದ ಕೊಪ್ಪರಿಗೆಯಲ್ಲಿಟ್ಟ. ಅಷ್ಟರಲ್ಲಿ ಒಂಬತ್ತೂ ಕಲ್ಲುಗಳನ್ನು ಅದಲುಬದಲು ಮಾಡಿ, ಸಂದಿಗೊಂದಿ ಹೆಚ್ಚಿಸಿದ. ಊರುಗಳಿಂದ ಮೀನುಗಳನ್ನು ಗುಂಪುಗುಂಪಾಗಿ ತರಿಸಿ ಬಿಡಿಸಿದ. ಮುಚ್ಚಿದ್ದ ಎರಡು ತೂಬೂ ತೆರೆದವು. ಕಡೆಗೆ ಕರಿಮೀನನ್ನು ಬಿಟ್ಟಾಗ ಅದು ಕೊಳವನ್ನೆಲ್ಲ ಸುತ್ತಿತು, ನಡುಗಲ್ಲು ಹುಡುಕಿತು, ಸಿಗದೆ ಒಂದು ಮೂಲೆಯಲ್ಲಿ ನಿಂತಿತು. ರಾಣಿ ಅಂದು ಹೊಟ್ಟೆತುಂಬ ಉಂಡಳು.

“ಕೇಳು, ಏನು ಬೇಕು?” ಎಂದ ಅರಸ. ಅರ್ಧ ರಾಜ್ಯವನ್ನೋ ಮಗಳನ್ನೋ ಕೇಳುತ್ತಾನೆಂದು ಎಲ್ಲರೂ ಕಾದರು.

“ಗುರುತು ಹಾಕೋ ಸುಣ್ಣದ ಗಡಿಗೆ ಒಡೆದುಹಾಕೋಕೆ ಅಪ್ಪಣೆ ಬೇಕು, ಬುದ್ಧಿ. ಆಮೇಲೆ ಒಂದು ಗಳಿಗೆ ಕೂರಬೇಕು. ಅಪ್ಪ ಸತ್ತಾಗಿನಿಂದ ಈ ನೀರಲ್ಲಿ ನಿಂತೇ ಇದೀನಿ.”

ಚೆನ್ನಾಂಬೆ ಕಟ್ಟೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಮಾಯಿಗ ಒದ್ದೆ ಕಾಲು ಒರೆಸಿಕೊಂಡು ಕೂತ. ಬಾಲ ಹರಿದ ಕೆಂಪು ಮೀನು ಸಂದಿಯಿಂದ ಹೊರಬಂದು, ಮೆಲ್ಲಗೆ, ಕೊಳದ ನಟ್ಟನಡುವೆ ಹಾದು ಆಚೆ ದಡಕ್ಕೆ ಹೋಯಿತು.