ಬುಟ್ಟಿಗುಡ್ಡ ಮತ್ತು ಆರು ಬೆರಳಿನ ಹೆಜ್ಜೆ

ಎರೆಕಲ್ಲಿಗೆ ಬರುವವರಿಗೆ ಊರಿಗಿಂತ ಮೊದಲು ಕಾಣುವುದು ಬುಟ್ಟಿಗುಡ್ಡ. ಮೈ ಗುಂಡಗೆ, ನೆತ್ತಿ ಚಪ್ಪಟೆ. ಬೋರಲು ಹಾಕಿದ ಬುಟ್ಟಿಯ ಹಾಗಿದೆ, ಅದಕ್ಕೇ ಆ ಹೆಸರು ಎಂದು ಬಂದವರು ತಾವೇ ತೀರ್ಮಾನಿಸಿ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ಯಾರೋ ಪುಣ್ಯಾತ್ಮರು ಬಸ್ ನಿಲ್ದಾಣದ ಗೋಡೆಯ ಮೇಲೂ ಹಾಗೆಯೇ ಬರೆಸಿಬಿಟ್ಟಿದ್ದಾರೆ. ಶುದ್ಧ ತಪ್ಪು. ಗುಡ್ಡದ ಬುಡದಲ್ಲಿ, ಮೊಳಕಾಲೆತ್ತರದ ಕಟ್ಟೆಯ ಮೇಲೆ, ನಿಜವಾದ ಬಿದಿರಿನ ಬುಟ್ಟಿಯೊಂದು ಬೋರಲಾಗಿ ಕೂತಿದೆ. ಹೆಸರು ಬಂದದ್ದು ಅದರಿಂದ. ಮೇಲೆ ನೋಡುತ್ತ ಹೋಗುವವರ ಕಣ್ಣಿಗೆ ಅದು ಬೀಳುವುದಿಲ್ಲ.

ಹಿಂದೆ ಒಮ್ಮೆ, ಈ ಗುಡ್ಡದ ಮೇಲೆ ಕೋಟೆಯಿದ್ದ ಕಾಲದಲ್ಲಿ, ಸರ್ಜಪ್ಪನಾಯಕ ಎಂಬವನು ಎರೆಕಲ್ಲನ್ನು ಆಳುತ್ತಿದ್ದ. ಹಳ್ಳದ ಆಚೆ ದಂಡೆಯ ಬಿಳೇಬಾವಿಯ ಮೇಲೆ ಅವನಿಗೆ ಬಹಳ ದಿನದ ಕಣ್ಣು. ಅಲ್ಲಿನ ಕೆರೆ ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ದಂಡೆತ್ತಿ ಹೋಗೋಣವೆಂದು ಎರಡು ಸಲ ಜನರನ್ನು ಸೇರಿಸಿ ಕೇಳಿದನಂತೆ. 'ನಾವು ಹೆಣ್ಣು ಕೊಟ್ಟ ಊರಿಗೆ ಈಟಿ ಹಿಡಿದು ಹೋಗೋದು ಹ್ಯಾಂಗ್ರಿ ದೊರಿ?' ಎಂದು ಎರಡು ಸಲವೂ ಜನ ನಕ್ಕು ಎದ್ದುಹೋದರು. ನಾಯಕನೂ ನಕ್ಕ. ಮೂರನೆಯ ಸಲ ಅವನು ಕೇಳಲಿಲ್ಲ.

ಹಿಂಗಾರು ಮಳೆ ಬಂದುಹೋದ ಮರುದಿನ ರಾತ್ರಿ ಗುಡ್ಡದ ಬುಡದಲ್ಲಿದ್ದ ಎರಡು ಮೇವಿನ ಬಣಿವೆಗಳು ಸುಟ್ಟು ಬೂದಿಯಾದವು. ಬೆಳಗಾಗುತ್ತಲೇ ಅಲ್ಲಿಗೆ ಹೋದವಳು ಹುಲಿಗೆವ್ವ. ಗಂಡ ತಳವಾರನಾಗಿದ್ದ, ಅವನು ಸತ್ತ ಮೇಲೆ ಊರಿನ ಕಾವಲು, ಕಳ್ಳರ ಜಾಡು ಹಿಡಿಯುವ ಕೆಲಸ ಎರಡೂ ಅವಳವೇ. ಹಸಿ ಎರೆಮಣ್ಣಿನಲ್ಲಿ ಒಂದೇ ಒಂದು ಹೆಜ್ಜೆ ಸ್ಪಷ್ಟವಾಗಿ ಮೂಡಿತ್ತು. ಬಗ್ಗಿ ನೋಡಿದಳು. ಹೊತ್ತು ತಂದಿದ್ದ ಸೆಗಣಿ ಬುಟ್ಟಿಯನ್ನು ಅದರ ಮೇಲೆ ಬೋರಲು ಹಾಕಿ, ಪಕ್ಕದಲ್ಲಿ ಕೂತಳು. ಈ ಸೀಮೆಯ ಕಟ್ಟಳೆ ಅದು. ಹೆಜ್ಜೆಗೆ ಬುಟ್ಟಿ ಮುಚ್ಚಿದರೆ, ದೂರು ಕೊಟ್ಟ ಊರು ಮತ್ತು ದೂರು ಹೊತ್ತ ಊರು, ಎರಡರ ಹಿರಿಯರೂ ಒಟ್ಟಿಗೆ ಬಂದು ನಿಲ್ಲುವವರೆಗೆ ಯಾರೂ ಎತ್ತಕೂಡದು. ಮುಚ್ಚಿದವರು ತಾವು ಕಂಡದ್ದನ್ನು ಬಾಯಿಬಿಡಕೂಡದು. ಒಳ್ಳೆಯ ಕಟ್ಟಳೆಯೇ. ಎಷ್ಟೋ ಹೊಡೆದಾಟಗಳನ್ನು ಅದು ತಪ್ಪಿಸಿತ್ತು.

ಹುಲಿಗೆವ್ವ ಬಾಯಿಬಿಡಲಿಲ್ಲ. ದೂರು ಬಿದ್ದದ್ದು ಬಿಳೇಬಾವಿಯ ಮೇಲೆ; ಎರಡು ದಿನದಲ್ಲಿ ಅಲ್ಲಿನ ಹಿರಿಯರು ಬರುತ್ತಾರೆ, ಎಲ್ಲ ಬಯಲಾಗುತ್ತದೆ ಎಂದುಕೊಂಡಳು. ಅವಳಿಗೂ ಅವಸರವಿತ್ತು. ಒಬ್ಬಳೇ ಮಗಳು ದ್ಯಾಮವ್ವ ಬಿಳೇಬಾವಿಯ ಸೊಸೆ, ತುಂಬು ಬಸುರಿ. ಚೊಚ್ಚಲ ಹೆರಿಗೆಗೆ ಅವಳನ್ನು ಕರೆತರುವುದಕ್ಕೆ ಮುಂದಿನ ಸೋಮವಾರವೆಂದು ಗೊತ್ತಾಗಿತ್ತು.

ನಾಯಕ ಅಂದೇ ಡಂಗುರ ಸಾರಿಸಿದ: ಬೆಂಕಿಯಿಟ್ಟವರು ಬಿಳೇಬಾವಿಯವರು, ಹೊತ್ತು ಮುಳುಗುವುದರೊಳಗೆ ಬಾಗಿಲು ಹಾಕಿಕೊಳ್ಳಿ. ಮರುದಿನ ಹಳ್ಳ ದಾಟುವ ದಾರಿಗೆ ಮುಳ್ಳುಬೇಲಿ ಬಿತ್ತು. ಮೂರನೆಯ ದಿನ, ಹಳ್ಳದ ಕಡೆಯ ಬಾವಿಗೆ ವಿಷ ಹಾಕಿರಬಹುದು, ನೀರು ಸೇದಬೇಡಿ ಎಂದು ಸಾರಿದರು. ಗಮನಿಸಿ, ಹಾಕಿದ್ದಾರೆ ಎನ್ನಲಿಲ್ಲ, ಹಾಕಿರಬಹುದು! ಸಾಕಾಯಿತು. ಎಮ್ಮೆ ಕೆಮ್ಮಿದರೂ ವಿಷ, ನಾಯಿ ಬೊಗಳಿದರೂ ದಂಡು. ಯಾರೂ ಏನನ್ನೂ ಕಂಡಿರಲಿಲ್ಲ; ಆದರೆ ಕಂಡವರನ್ನು ಬಲ್ಲೆವೆಂದು ಎಲ್ಲರೂ ಹೇಳುತ್ತಿದ್ದರು. ನಕ್ಕು ಎದ್ದುಹೋಗಿದ್ದ ಜನವೇ ಕೋಟೆಯ ಬಾಗಿಲಿಗೆ ಬಂದು ಈಟಿ ಕೊಡಿ ಎಂದು ಕೇಳತೊಡಗಿದರು. ಬಿಳೇಬಾವಿಯ ಹಿರಿಯರು ಯಾಕೆ ಬರಲಿಲ್ಲ ಎಂದು ಯಾರೋ ಕೇಳಿದ್ದಕ್ಕೆ, 'ತಪ್ಪಿಲ್ಲದವರಾಗಿದ್ದರೆ ಬರತಿದ್ದರಲ್ಲ?' ಎಂದ ನಾಯಕ. ಬೇಲಿ ಹಾಕಿಸಿದವನು ತಾನೇ ಎಂಬುದನ್ನು ಅವನು ಹೇಳಲಿಲ್ಲ, ಇವರೂ ನೆನಪಿಸಲಿಲ್ಲ.

ಸೋಮವಾರ ಹುಲಿಗೆವ್ವ ಬೇಲಿಯವರೆಗೆ ಹೋಗಿ, ಕಾವಲಿನವರಿಂದ ಬೈಸಿಕೊಂಡು ವಾಪಸಾದಳು. ಹತ್ತನೆಯ ದಿನ ಚಾವಡಿಯಲ್ಲಿ ದಂಡಿನ ಮಾತು ನಡೆದಿತ್ತು. ಅವಳು ನಡುವೆ ಬಂದು ನಿಂತು ಕಟ್ಟಳೆ ಮುರಿದಳು. 'ಬುಟ್ಟಿ ಕೆಳಗಿರೋದು ಆರು ಬೆರಳಿನ ಬಲಗಾಲು. ಆರು ಬೆರಳು ಯಾರಿಗದಾವ ಅಂತ ನಿಮಗೆಲ್ಲ ಗೊತ್ತದ. ನನ್ನ ಮಾತು ನಂಬಬ್ಯಾಡ್ರಿ, ಎತ್ತಿ ನೋಡ್ರಿ!'

ಗೊತ್ತಿಲ್ಲದೇನು! ಕೋಟೆಯ ಹಿಂಬಾಗಿಲ ಕಾವಲುಗಾರ ಈರನಾಗನಿಗೆ ಹುಟ್ಟಿನಿಂದಲೇ ಬಲಗಾಲಿನಲ್ಲಿ ಆರು ಬೆರಳು. ಅವನು ಅಲ್ಲೇ ನಾಯಕನ ಪಕ್ಕದಲ್ಲೇ ನಿಂತಿದ್ದ. ಆದರೆ ಒಬ್ಬರೂ ಅವನ ಕಾಲು ನೋಡಲಿಲ್ಲ, ಎಲ್ಲರೂ ನಾಯಕನ ಮುಖ ನೋಡಿದರು. ನಾಯಕ ಸಿಟ್ಟಾಗಲಿಲ್ಲ. 'ಆಕಿ ಮಗಳು ಆಚೆ ದಂಡಿಯೊಳಗಿದ್ದಾಳ. ಹೆತ್ತ ಕರುಳು, ಪಾಪ, ನಾ ಬೈಯೋದಿಲ್ಲ. ಆದರ ನಿಮ್ಮ ಮಕ್ಕಳು ಈಚೆ ಅದಾವಲ್ಲ?' ಎಂದ. ಅಲ್ಲಿಗೆ ಮಾತು ಮುಗಿಯಿತು. ಎರಡೂ ಊರಿನ ಹಿರಿಯರಿಲ್ಲದೆ ಎತ್ತುವುದು ಕಟ್ಟಳೆಗೆ ವಿರುದ್ಧ ಎಂದು ಇಬ್ಬರು ಮುದುಕರು ತಲೆಯಾಡಿಸಿದರು. ಸೆಗಣಿ ಹೊರುವ ಒಂದು ಬುಟ್ಟಿ! ಎತ್ತುವುದಕ್ಕೆ ಎರಡು ಬೆರಳು ಸಾಕಿತ್ತು. ಹೇಳುವಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಾಯಕ ಆ ಬುಟ್ಟಿಗೆ ಕಾವಲೂ ಇಡಲಿಲ್ಲ. ಬೇಕಾಗಲಿಲ್ಲ.

ಮರುದಿನ ಹೊತ್ತು ಹುಟ್ಟುತ್ತಲೇ ಎರೆಕಲ್ಲಿನ ಗಂಡಸರು ಹಳ್ಳ ದಾಟಿದರು. ಸಂಜೆಯೊಳಗೆ ಬಿಳೇಬಾವಿ ಉರಿದುಹೋಯಿತು, ಕೆರೆ ನಾಯಕನದಾಯಿತು. ಇಲ್ಲಿಂದ ಹೋದವರಲ್ಲಿ ನಲವತ್ತು ಜನ ತಿರುಗಿ ಬರಲಿಲ್ಲ. ಅಲ್ಲಿ ಸತ್ತವರು ಎಷ್ಟೆಂದು ಈ ಊರಿನವರು ಯಾರೂ ಹೇಳುವುದಿಲ್ಲ.

ಮೂರು ದಿನದ ಮೇಲೆ, ಹೆಣಗಳನ್ನು ಬಿಟ್ಟುಕೊಡಿ ಎಂದು ಕೇಳುವುದಕ್ಕೆ ಬಿಳೇಬಾವಿಯಲ್ಲಿ ಉಳಿದ ಹಿರಿಯರು ಬಂದರು. ಅವರ ಹಿಂದೆ ದ್ಯಾಮವ್ವನೂ ಬಂದಳು. ತೋಳಲ್ಲಿ ಮೂರು ದಿನದ ಕೂಸು, ಹಣೆಯಲ್ಲಿ ಕುಂಕುಮವಿರಲಿಲ್ಲ. ಗುಡ್ಡದ ಬುಡದಲ್ಲಿ ಎರಡೂ ಊರಿನವರು ಎದುರುಬದುರು ನಿಂತರು. ಕಟ್ಟಳೆ ಕೇಳಿದ್ದು ಇದನ್ನೇ ಅಲ್ಲವೇ? ಯಾರೂ ಮುಂದೆ ಬರದಿದ್ದಾಗ ದ್ಯಾಮವ್ವ ಕೂಸನ್ನು ಎಡಗೈಗೆ ಬದಲಿಸಿಕೊಂಡು ಬುಟ್ಟಿ ಎತ್ತಿದಳು. ಎರೆಮಣ್ಣು ಒಣಗಿ ಕಲ್ಲಾಗಿತ್ತು. ಆರು ಬೆರಳು, ಒಂದೊಂದೂ ಎಣಿಸುವ ಹಾಗೆ. ದ್ಯಾಮವ್ವ ಈರನಾಗನ ಕಡೆ ನೋಡಲಿಲ್ಲ, ಕೋಟೆಯ ಕಡೆಯೂ ನೋಡಲಿಲ್ಲ.

'ಅವ್ವಾ, ಇದನ್ನ ನೀನು ಮೊದಲನೇ ದಿನಾನೇ ನೋಡಿದ್ದೆಯಲ್ಲ?' ಎಂದು ಕೇಳಿದಳು.

ಮಗಳು ಕೂಸಿನೊಂದಿಗೆ ಸುಟ್ಟ ಊರಿಗೇ ಹಿಂತಿರುಗಿದಳು. ತಾಯಿ ಆ ಹೆಜ್ಜೆಯನ್ನು ತನ್ನ ಕೈಯಾರೆ ಕಲ್ಲಿನಲ್ಲಿ ಕೊರೆದಳು. ಅವಳ ಉಳಿದ ಆಯುಸ್ಸು ಅದಕ್ಕೇ ಆಯಿತಂತೆ.

ಕೋಟೆ ಈಗಿಲ್ಲ. ಅದರ ಕಲ್ಲುಗಳು ಊರಿನ ದನದ ಕೊಟ್ಟಿಗೆಗಳಲ್ಲಿವೆ. ಬುಟ್ಟಿ ಹಳತಾದಾಗಲೆಲ್ಲ ಬಿಳೇಬಾವಿಯವರು ಹೊಸದನ್ನು ಹೆಣೆದು ತಂದು ಇಡುತ್ತಾರೆ. ಈಗ ಅದಕ್ಕೆ ಕಟ್ಟಳೆಯೇನೂ ಇಲ್ಲ, ಯಾರು ಬೇಕಾದರೂ ಎತ್ತಿ ಕೆಳಗಿನ ಹೆಜ್ಜೆ ನೋಡಬಹುದು. ಬಂದವರಿಗೆಲ್ಲ ನಾನೇ ಹೇಳುತ್ತೇನೆ, ಎತ್ತಿ, ಏನೂ ಆಗುವುದಿಲ್ಲ ಎಂದು. ಆದರೂ ಕೈ ಚಾಚುವ ಮೊದಲು ಪ್ರತಿಯೊಬ್ಬರೂ ಒಮ್ಮೆ ಅಕ್ಕಪಕ್ಕದವರ ಮುಖ ನೋಡುತ್ತಾರೆ.