ಹೊಳೆಯ ಹಾಸಿಗೆಯಲ್ಲಿ ಕಟ್ಟಿದ ಕೇರಿ

ಲೋಕಕ್ಕೆ ಇನ್ನೂ ಹಸಿಮಣ್ಣಿನ ವಾಸನೆ ಇದ್ದ ಕಾಲ ಅದು, ಮಕ್ಕಳೇ. ಆಗ ಹೊಳೆಗೂ ಮಾತು ಬರುತ್ತಿತ್ತು, ಗುಡ್ಡಕ್ಕೂ ಬರುತ್ತಿತ್ತು.

ಬೇಸಿಗೆ ಬಂದರೆ ಹೊಳೆಯಮ್ಮ ಸೊರಗಿ, ತನ್ನ ಮರಳಿನ ಹಾಸಿಗೆಯ ಒಂದು ಮೂಲೆಗೆ ಸರಿದು ಮಲಗುತ್ತಿದ್ದಳು. "ಉಳಿದ ಜಾಗದಲ್ಲಿ ಕಲ್ಲಂಗಡಿ ಬೆಳೆದುಕೊಳ್ಳಿ. ಮಳೆಗೆ ಮೊದಲು ಎದ್ದುಬಿಡಿ," ಎನ್ನುತ್ತಿದ್ದಳು. ಜನ ಬೆಳೆದರು, ತಿಂದರು, ಎದ್ದರು.

ಒಂದು ವರ್ಷ ಮಳೆ ತೆಳುವಾಯಿತು. ಯಾರೂ ಏಳಲಿಲ್ಲ. ಮರುವರ್ಷವೂ ಏಳಲಿಲ್ಲ. ಕಾವಲಿನ ಗುಡಿಸಲು ಮಣ್ಣಿನ ಮನೆಯಾಯಿತು, ಮನೆ ಕೇರಿಯಾಯಿತು. ಇರಿ, ಗುಡ್ಡದ ಸಂಗತಿ ಬಿಟ್ಟೇಬಿಟ್ಟೆ! ಅಷ್ಟೂ ಮನೆಗಳ ತೊಲೆಗೆ, ಸೂರಿಗೆ ಗುಡ್ಡದ ಮರ, ಹುಲ್ಲು ಎಲ್ಲ ಹೋಯಿತು.

ಆಮೇಲೆ ಬಂತು ನೋಡಿ ಮಳೆ. ಏಳು ದಿನ ಬಿಡಲಿಲ್ಲ.

"ಸ್ವಲ್ಪ ನೀರು ಹಿಡಿದುಕೋ ಅಣ್ಣಾ," ಎಂದಳು ಹೊಳೆ.

"ಯಾವುದರಲ್ಲಿ ಹಿಡಿಯಲಿ ತಂಗೀ? ಮೈಮೇಲೆ ಒಂದು ಬೇರಿಲ್ಲ," ಎಂದಿತು ಗುಡ್ಡ. ಕಾಲೇಜಿನ ಪುಸ್ತಕದಲ್ಲಿ ಇದನ್ನೇ ನಾಲ್ಕು ಪುಟ ಬರೆದಿದ್ದಾರೆ, ಬಿಡಿ.

ಆ ಕೇರಿಯಲ್ಲಿ ಬಾಳವ್ವ ಎಂಬಾಕೆ ಇದ್ದಳು. ಗೋಡೆಯ ಮಣ್ಣನ್ನು ತುಳಿದು ಹದ ಮಾಡುವುದರಲ್ಲಿ ಅವಳಿಗೆ ಸಮ ಯಾರೂ ಇಲ್ಲ. ಅವಳು ಬಾಗಿಲಲ್ಲಿ ನಿಂತು ಕೂಗಿದಳು: "ಅವ್ವಾ, ಪಕ್ಕಕ್ಕೆ ಹೋಗೇ!"

"ಇದು ನನ್ನ ಹಾಸಿಗೆ ಮಗಳೇ. ಪಕ್ಕ ಎಲ್ಲಿದೆ? ಓಡು!"

ಬಾಳವ್ವ ದಿಬ್ಬಕ್ಕೆ ಓಡಿದಳು. ಗಂಡ ಕೆಂಚಪ್ಪ ಎತ್ತಿನ ಹಗ್ಗ ಬಿಚ್ಚಲು ಹಿಂದಿರುಗಿದ. ಅವನು ಬರಲಿಲ್ಲ.

ನೀರು ಇಳಿಯಿತು. ಹೊಳೆ ತಲೆ ತಗ್ಗಿಸಿಕೊಂಡು, ಬೆಣ್ಣೆಯಂಥ ಮೆಕ್ಕಲುಮಣ್ಣು ಬಿಟ್ಟುಹೋದಳು. ಜನ ಅದನ್ನೇ ಹೊತ್ತು ದಿಬ್ಬದ ಮೇಲೆ ಗೋಡೆ ಎತ್ತತೊಡಗಿದರು. ಬಾಳವ್ವ ಏಳಲಿಲ್ಲ. "ಇನ್ನು ಯಾರಿಗೆ ಮನೆ?" ಎಂದು ಕೂತಳು. ಅಂಬಲಿ ತಂದುಕೊಟ್ಟರೂ ಮುಟ್ಟಲಿಲ್ಲ.

ಮೂರನೆಯ ದಿನ ನೆರೆಮನೆಯ ಮುದುಕಿ ಸಿದ್ದಕ್ಕ ಬಂದಳು. ಸಮಾಧಾನ ಹೇಳಲಿಲ್ಲ.

"ಏನೇ ಬಾಳೀ, ನನ್ನ ಗೋಡೆ ಮೂರು ಸಲ ಬಿತ್ತು. ನನ್ನ ಅಳಿಯ ಮಣ್ಣು ತುಳಿಯೋದು ನೋಡೇ, ಇನ್ನೂ ಹಸೆಮಣೆ ಮೇಲೆ ನಿಂತ ಹಾಗೆ!"

ಬಾಳವ್ವ ಕಣ್ಣೆತ್ತಿ ನೋಡಿದಳು. "ನೀರು ಹೆಚ್ಚಾಗಿದೆ," ಎಂದಳು. ಎದ್ದು ಹತ್ತಿರ ಹೋಗಿ, "ಹುಲ್ಲೂ ಹಾಕಿಲ್ಲ," ಎಂದಳು. ಆಮೇಲೆ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದಳು. ಅಳುತ್ತಲೇ ತುಳಿದಳು. ಸಿದ್ದಕ್ಕನ ಗೋಡೆ ನಿಂತಿತು. ಮರುದಿನ ಬಾಳವ್ವನ ಮನೆಯ ಮಣ್ಣಿಗೆ ಇಡೀ ಕೇರಿಯೇ ಇಳಿಯಿತು, ಆ ಅಳಿಯನೂ ಸೇರಿ.

ಅದಕ್ಕೇ ಮಕ್ಕಳೇ, ಗುಡ್ಡ ಬೋಳಾದ ಕಡೆ ಹೊಳೆ ಇಂದಿಗೂ ತನ್ನ ಜಾಗ ಹುಡುಕಿಕೊಂಡು ಬರುತ್ತಾಳೆ. ನೀರು ಇಳಿದ ಮೇಲೆ ನಮ್ಮವರು ಇಂದಿಗೂ ಮೊದಲು ಪಕ್ಕದ ಮನೆಯ ಕೆಸರಿಗೆ ಇಳಿಯುತ್ತಾರೆ.